ಪಿಚ್ಚರಿನಲ್ಲಿ ಸೋತ ನಮ್ಮೂರ ದನಿ

ಬೆಟಗೇರಿಯ ಆ ಹುಡುಗನಿಗೆ ಆಗ ಹನ್ನೆರಡು ವರ್ಷ. ಅಮಾವಾಸ್ಯೆ ಭಾನುವಾರವೇ ಬಿದ್ದಿದ್ದರಿಂದ ಮಗ್ಗಕ್ಕೂ ರಜೆ, ಸಾಲಿಗೂ ರಜೆ. ಪಿಚ್ಚರಿನ ಹೆಸರೆತ್ತಿದರೆ ಗದರುತ್ತಿದ್ದ ಅಪ್ಪ ಅಂದು ತಾನಾಗಿಯೇ ಇಸ್ತ್ರಿ ಅಂಗಿ ತೊಟ್ಟು, ಮಗನನ್ನು ಕರೆದುಕೊಂಡು ಗದಗಿನ ಟಾಕೀಸಿನ ಬೆಳಗಿನ ಆಟಕ್ಕೆ ಹೊರಟ. ಹಾಕಿದ್ದು ಹಳೆಯ ಪಿಚ್ಚರ್. ಹೆಸರು 'ಬಸಂತ್ ಬಹಾರ್'. ಅದು ಮೊದಲು ತೆರೆಗೆ ಬಂದದ್ದು 1956ರಲ್ಲಿ, ಹುಡುಗ ಹುಟ್ಟುವ ನಾಲ್ಕು ವರ್ಷ ಮೊದಲು. ಹೊಡೆದಾಟವಿಲ್ಲ, ಕುದುರೆ ಓಟವಿಲ್ಲ, ಬರೀ ಹಾಡು. ಹುಡುಗ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಇಂಟರ್ವಲ್ಲಿನ ಮಿರ್ಚಿ ಭಜಿಯ ಧ್ಯಾನದಲ್ಲಿದ್ದ. ತೆರೆಯ ಮೇಲೆ ಇಬ್ಬರು ಗವಾಯಿಗಳ ಪೈಪೋಟಿ ಶುರುವಾದಾಗ ಅಪ್ಪ ಮೊಣಕೈಯಿಂದ ತಿವಿದ.

"ಈಗ ಕೇಳ್ಲೇ. ಆ ದಪ್ಪ ದನಿ ಐತಲ್ಲ, ಅದು ನಮ್ಮ ಜೋಶಿ ಮಾಸ್ತರ ಮಗಂದು."

ಆ ದಪ್ಪ ದನಿಯ ಗವಾಯಿ ಸೋತ. ಹೀರೋ ಭಾರತ ಭೂಷಣ್ ಗೆದ್ದ. ಥರ್ಡ್ ಕ್ಲಾಸಿನಲ್ಲಿ ಒಮ್ಮೆಲೇ ನಗು ಎದ್ದಿತು. ಹಿಂದಿನಿಂದ ಯಾರೋ ಸಿಳ್ಳು ಹೊಡೆದು ಕೂಗಿದರು: "ಸುಳ್ಳ ಐತಿ ಬಿಡ್ರಿ ಇದು!"

ಆ ನಗುವಿನ ಅರ್ಥ ಹುಡುಗನಿಗೆ ಆಗಿದ್ದು ಬಹಳ ವರ್ಷಗಳ ಮೇಲೆ. ಗೆಲ್ಲುವ ಹೀರೋಗೆ ಹಾಡಿದವರು ಮನ್ನಾ ಡೇ, ಸೋಲುವವನಿಗೆ ಹಾಡಿದವರು ಭೀಮಸೇನ ಜೋಶಿ. ಶಂಕರ್-ಜೈಕಿಶನ್ ಜೋಡಿ ಈ ಹಾಡಿನ ವಿಷಯ ತಿಳಿಸಿದಾಗ ಮನ್ನಾ ಡೇ ಅವರಿಗೆ ಎದೆ ಹೊಡೆದುಕೊಂಡಿತ್ತಂತೆ. ಭೀಮಸೇನರ ಜೊತೆ ಹಾಡುವುದೇ ಕಷ್ಟ, ಅದರ ಮೇಲೆ ಗೆಲ್ಲಲೂ ಬೇಕು! ರೆಕಾರ್ಡಿಂಗ್ ಮುಗಿಯುವ ತನಕ ಮುಂಬಯಿ ಬಿಟ್ಟು ಎಲ್ಲಾದರೂ ಓಡಿಹೋಗೋಣ ಎಂದು ಮನೆಗೆ ಬಂದು ಹೆಂಡತಿ ಸುಲೋಚನಾ ಅವರಿಗೆ ಹೇಳಿದ್ದನ್ನು ಅವರು ಮುಂದೆ ತಾವೇ ನೆನೆಸಿಕೊಂಡು ನಕ್ಕಿದ್ದಾರೆ. ನೀವು ಹಾಡುತ್ತಿರುವುದು ಹೀರೋಗೆ, ಹೀರೋ ಗೆಲ್ಲಲೇಬೇಕಲ್ಲ ಎಂದು ಹೆಂಡತಿ ಧೈರ್ಯ ಹೇಳಿದರಂತೆ. ಗದಗಿನ ಥರ್ಡ್ ಕ್ಲಾಸಿನ ಮಂದಿಗೆ ಈ ಕಥೆ ಗೊತ್ತಿರಲಿಲ್ಲ. ಆದರೆ ತೀರ್ಪು ಮಾತ್ರ ಮನ್ನಾ ಡೇ ಅವರದೇ.

ಅದರಲ್ಲಿ ಇನ್ನೊಂದು ಮಜಾ ಇದೆ. ರಾಜಾ ನವಾಥೆ ನಿರ್ದೇಶಿಸಿದ ಆ ಪಿಚ್ಚರಿನ ಕಥೆ ಮುಂಬಯಿಯದೇ ಅಲ್ಲ, ತ.ರಾ.ಸು. ಅವರ ಕಾದಂಬರಿ 'ಹಂಸಗೀತೆ'. ಅದರ ನಾಯಕ, ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ, ಹಿಂದಿಗೆ ಹೋಗಿ ಗೋಪಾಲನಾದ. ಕಥೆ ದುರ್ಗದ್ದು, ಸೋತ ದನಿ ಗದಗಿನದು, ಗೆಲುವು ಮಾತ್ರ ಬೊಂಬಾಯಿಯದು. 1975ರಲ್ಲಿ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಅನಂತನಾಗ್ ಅವರನ್ನಿಟ್ಟುಕೊಂಡು ಕನ್ನಡದಲ್ಲೇ ತೆಗೆದರು. ಬಾಲಮುರಳಿಕೃಷ್ಣ ಅವರಿಗೆ ಅದರಿಂದ ಗಾಯನದ ರಾಷ್ಟ್ರಪ್ರಶಸ್ತಿ ಬಂತು. ಕಾದಂಬರಿಗೆ ಹತ್ತಿರವಾದದ್ದು ಅಯ್ಯರ್ ಅವರದೇ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಬೆಟಗೇರಿಯ ಮಗ್ಗದ ಕುಣಿಯಲ್ಲಿ ಕುಳಿತವರು ಗುನುಗಿದ್ದು 'ಬಸಂತ್ ಬಹಾರ್'. ಕಿವಿಗೆ ಯಾವ ವಿಮರ್ಶಕನ ಹಂಗಿದೆ?

ಜೋಶಿ ಮಾಸ್ತರ ಮಗನ ಕಥೆಯನ್ನು ಗದಗಿನ ಹಿರಿಯರು ಪಿಚ್ಚರಿನ ಕಥೆಯ ಹಾಗೆಯೇ ಹೇಳುತ್ತಿದ್ದರು. ರೋಣದಲ್ಲಿ 1922ರ ಫೆಬ್ರುವರಿ 4ರಂದು ಹುಟ್ಟಿ ಗದಗಿನಲ್ಲಿ ಬೆಳೆದ ಹುಡುಗ. ತಂದೆ ಗುರುರಾಜ ಜೋಶಿಯವರು ಮಾಸ್ತರರು. ಅಂಗಡಿಯ ಗ್ರಾಮಫೋನಿನಲ್ಲಿ ಅಬ್ದುಲ್ ಕರೀಂ ಖಾನ್ ಸಾಹೇಬರ ಝಿಂಝೋಟಿ ಠುಮರಿ ಕೇಳಿದ ಮೇಲೆ ಮಗನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ರೈಲು ಹತ್ತಿದ. ಕೈಯಲ್ಲಿ ಟಿಕೆಟ್ಟಿಲ್ಲ, ಹಾಡೇ ಟಿಕೆಟ್ಟು. ಪುಣೆ, ಗ್ವಾಲಿಯರ್ ಅಲೆದು ಕಲಕತ್ತೆ ಮುಟ್ಟಿದ. ಅಲ್ಲಿ ಹೊಟ್ಟೆಪಾಡಿಗೆ ಮನೆಗೆಲಸಕ್ಕೆ ನಿಂತದ್ದು ಯಾರ ಮನೆಯಲ್ಲಿ ಅಂತೀರಿ? ನ್ಯೂ ಥಿಯೇಟರ್ಸ್ ಚಿತ್ರಗಳ ನಟ ಪಹಾಡಿ ಸನ್ಯಾಲ್ ಮನೆಯಲ್ಲಿ. ಗದಗಿನ ಹುಡುಗನೊಬ್ಬ ಸಿನಿಮಾ ನಟನ ಮನೆಯ ಹೊಸ್ತಿಲು ತುಳಿದದ್ದು ಹೀಗೆ, ಆಳಾಗಿ. ಎಷ್ಟೋ ವರ್ಷಗಳ ಮೇಲೆ ಕಲಕತ್ತೆಯ ಕಛೇರಿಯೊಂದರಲ್ಲಿ ಭೀಮಸೇನರು ಹಾಡಿ ಮುಗಿಸಿದಾಗ ಸನ್ಯಾಲ್ ಮೆಚ್ಚಿ ಮಾತಾಡಿಸಲು ಬಂದರಂತೆ, ಆದರೆ ಗುರುತು ಹಿಡಿಯಲಿಲ್ಲವಂತೆ. ನಿಮ್ಮ ಮನೆಯಲ್ಲಿ ಕೆಲಸಕ್ಕಿದ್ದ ಜೋಶಿ ನಾನೇ ಎಂದು ಇವರೇ ಹೇಳಬೇಕಾಯಿತಂತೆ.

ಬೆಟಗೇರಿಯ ಹುಡುಗ 'ಆರಾಧನಾ' ನೋಡಿದ್ದ. 1969ರ ಆ ಚಿತ್ರ ನೋಡದವರು ಆ ಕಾಲದಲ್ಲಿ ಯಾರಿದ್ದರು! ಶರ್ಮಿಳಾ ಟಾಗೋರಳ ತಂದೆಯಾಗಿ ಬರುವ ಆ ಮೆತ್ತನೆ ಮಾತಿನ ಮುದುಕನೇ ಪಹಾಡಿ ಸನ್ಯಾಲ್ ಎಂದು ಗೊತ್ತಾದ ದಿನ ಅವನಿಗೆ ರಾಜೇಶ್ ಖನ್ನಾನೂ ಮರೆತುಹೋದ.

ಜಾಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ಅಲೆಮಾರಿ ಭೀಮಸೇನನಿಗೆ ಬುದ್ಧಿ ಹೇಳಿದರು: ಇಷ್ಟು ದೂರ ಯಾಕೆ ಬಂದೆ, ನಿನ್ನ ಗುರು ನಿನ್ನ ಊರಿನ ಹತ್ತಿರವೇ ಇದ್ದಾನೆ. ಆ ಗುರು ಕುಂದಗೋಳದ ಸವಾಯಿ ಗಂಧರ್ವರು, ಕರೀಂ ಖಾನ್ ಸಾಹೇಬರ ಶಿಷ್ಯರು. ಇತ್ತ ಭೀಮಸೇನನನ್ನು ಮನೆ ಬಿಡಿಸಿದ ಅದೇ ಠುಮರಿಯನ್ನು 1935ರ 'ದೇವದಾಸ್'ದಲ್ಲಿ ಕೆ.ಎಲ್. ಸೈಗಲ್ ಹಾಡಿ ದೇಶಕ್ಕೆಲ್ಲ ಮುಟ್ಟಿಸಿದ್ದರು. ಗದಗಿನವರು ಮಾತ್ರ ಸೈಗಲ್ಲರ ಸಿನಿಮಾಕ್ಕಿಂತ ಮೊದಲೇ ಅದನ್ನು ಅಂಗಡಿಯ ಕಟ್ಟೆಯ ಮೇಲೆ ನಿಂತು ಕೇಳಿದವರು. ಈ ಸೀಮೆಗೆ ಹಿಂದಿ ಸಿನಿಮಾ ಹೊಕ್ಕದ್ದು ಹೀಗೆಯೇ: ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ.

ಮುಂಬಯಿಯ ಕಡೆಗಿನ ಹಾದಿ ಮೊದಲಿನಿಂದಲೂ ಇತ್ತು. ಗದಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಊರು. ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಅಬ್ದುಲ್ ಕರೀಂ ಖಾನರು ನೆಲೆನಿಂತದ್ದು ಮೀರಜಿನಲ್ಲಿ. ಮರಾಠಿ ನಾಟಕ ಹುಟ್ಟಿದ್ದು 1843ರಲ್ಲಿ ಸಾಂಗ್ಲಿಯಲ್ಲಿ. ಅದಕ್ಕೆ ಪ್ರೇರಣೆ ಅಲ್ಲಿಗೆ ಆಟ ಆಡಲು ಹೋಗಿದ್ದ ನಮ್ಮ ಉತ್ತರ ಕನ್ನಡದ ಕರ್ಕಿ ಮೇಳ. ಶಿರಹಟ್ಟಿ ವೆಂಕೋಬರಾಯರಂಥವರ ಕಂಪನಿ ನಾಟಕಗಳು ಇಲ್ಲಿಂದ ಅಲ್ಲಿಗೆ, ಅಲ್ಲಿಯವು ಇಲ್ಲಿಗೆ ಓಡಾಡಿಕೊಂಡಿದ್ದವು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಕೂಡ 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲೇ. ಬೆಂಗಳೂರು ಆಗ ಬೇರೆ ರಾಜ್ಯ, ಬೇರೆ ದಿಕ್ಕು.

ರಾಜ್ಯ ಒಂದಾಗಿ ಎಷ್ಟು ವರ್ಷವಾದರೂ ಸಿನಿಮಾ ವ್ಯಾಪಾರಸ್ಥರ ನಕಾಶೆ ಮಾತ್ರ ಬದಲಾಗಲಿಲ್ಲ. ಹಿಂದಿ ಚಿತ್ರ ಹಂಚುವವರ ಲೆಕ್ಕದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆ 'ಬಾಂಬೆ ಸರ್ಕೀಟ್'. ರಾಯಚೂರು, ಕಲಬುರ್ಗಿ, ಕೊಪ್ಪಳ 'ನಿಜಾಮ್ ಸರ್ಕೀಟ್'. ಮುಂಡರಗಿಯಲ್ಲಿ ನಿಂತರೆ ಈ ಹಳೆಯ ಗಡಿಗಳೆಲ್ಲ ಕಾಲ್ನಡಿಗೆಯ ಸುದ್ದಿ: ಊರು ಮುಂಬಯಿ ಪ್ರಾಂತದ್ದು, ಮೂಡಲಿಗೆ ನಿಜಾಮನ ಕೊಪ್ಪಳ, ತುಂಗಭದ್ರೆ ದಾಟಿದರೆ ಮದ್ರಾಸಿನ ಹಡಗಲಿ. ಹಾಗಾಗಿ ಒಂದೇ ಪಿಚ್ಚರ್ ಮುಂಡರಗಿಗೆ ಒಂದು ಕಡೆಯ ಹಂಚಿಕೆದಾರನಿಂದ, ಕೊಪ್ಪಳಕ್ಕೆ ಇನ್ನೊಂದು ಕಡೆಯವನಿಂದ. ಬ್ರಿಟಿಷರು ಹೋದರು, ನಿಜಾಮ ಹೋದ, ರೀಲಿನ ಪೇಟಿಗೆ ಮಾತ್ರ ಅದೇ ಸೀಮೆ.

ಮುಂಡರಗಿಯಲ್ಲಿ ಹುಡುಗನ ಸೋದರಮಾವನ ಮನೆಯಿತ್ತು. ಸುಗ್ಗಿ ಮುಗಿದ ಮೇಲೆ ಊರ ಹೊರಗೆ ಟೂರಿಂಗ್ ಟಾಕೀಸಿನ ಟೆಂಟು ಏಳುತ್ತಿತ್ತು. ಮೊದಲ ಮಳೆಗೆ ಮುಂಚೆ ಗಂಟು ಕಟ್ಟುತ್ತಿತ್ತು. ನೆಲಕ್ಕೆ ನಾಲ್ಕಾಣೆ. ಹೆಣ್ಣುಮಕ್ಕಳಿಗೆ ಒಂದು ಕಡೆ, ಗಂಡಸರಿಗೆ ಇನ್ನೊಂದು ಕಡೆ, ನಡುವೆ ಪರದೆ. ಒಂದೇ ಪ್ರೊಜೆಕ್ಟರು, ರೀಲು ಬದಲಿಸುವಾಗೆಲ್ಲ ದೀಪ ಹತ್ತುತ್ತಿತ್ತು, ದೀಪ ಹತ್ತಿದಾಗೆಲ್ಲ ಶೇಂಗಾ ಮಾರುವವನ ಕೂಗು. ಒಂದು ರಾತ್ರಿ ಆಪರೇಟರನ ಕೈತಪ್ಪಿ ರೀಲುಗಳು ಹಿಂದುಮುಂದಾದವು. ಸತ್ತು ಚಿತೆಯೇರಿದ್ದ ಹೀರೋ ಹತ್ತು ನಿಮಿಷದ ಮೇಲೆ ತೋಟದಲ್ಲಿ ಕುಣಿಯುತ್ತ ಬಂದ. ಮಾವ ಗಂಭೀರವಾಗಿ ಹೇಳಿದ: "ದೇವ್ರು ದೊಡ್ಡಾವ ನೋಡಪಾ." ಯಾರೂ ದುಡ್ಡು ವಾಪಸ್ ಕೇಳಲಿಲ್ಲ. ಆ ಹಾಡು ಎಲ್ಲರಿಗೂ ಮೊದಲೇ ಬಾಯಿಪಾಠವಾಗಿತ್ತು, ಅದು ಎಲ್ಲಿ ಬಂದರೇನು!

ಟೆಂಟಿಗಿಂತ ಮುಂಚೆ ಬರುತ್ತಿದ್ದದ್ದು ಟಾಂಗಾ. ಎರಡೂ ಬದಿಗೆ ಪೋಸ್ಟರ್ ಕಟ್ಟಿಕೊಂಡು, ಮೇಲೆ ಲೌಡ್‌ಸ್ಪೀಕರ್ ಇಟ್ಟುಕೊಂಡು, ಬಣ್ಣದ ಕರಪತ್ರ ಹಾರಿಸುತ್ತ ಹೋಗುತ್ತಿತ್ತು. ಶಿರಹಟ್ಟಿಯ ಫಕ್ಕೀರೇಶ್ವರ ಜಾತ್ರೆಯಲ್ಲೂ ಇದೇ ಗದ್ದಲ. ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಊರದು. ಒಂದು ಕಡೆ ಭಜನೆ, ಇನ್ನೊಂದು ಕಡೆ ಕವಾಲಿ, ಎರಡರ ನಡುವೆ ಮಿಠಾಯಿ ಅಂಗಡಿಯವನ ಗ್ರಾಮಫೋನಿನಲ್ಲಿ ಮಹಮ್ಮದ್ ರಫಿ. ಕಿವಿಗೊಟ್ಟು ಕೇಳಿದರೆ ಮೂರಕ್ಕೂ ಮಟ್ಟು ಒಂದೇ ಆಗಿರುತ್ತಿತ್ತು. ಕಂಪನಿ ನಾಟಕದವರು, ಭಜನಾ ಮೇಳದವರು, ಮೊಹರಮ್ಮಿನ ರಿವಾಯತ್ ಪದಗಾರರು, ಯಾರೂ ಹಿಂದಿ ಮಟ್ಟು ಎತ್ತಿಕೊಳ್ಳಲು ಹಿಂದೆ ಮುಂದೆ ನೋಡಿದವರಲ್ಲ. ಪದ ನಮ್ಮದು, ಮಟ್ಟು ಯಾರದಾದರೇನು ಎಂಬುದು ಅವರ ಧಾಟಿ. ಇದನ್ನು ಕದ್ದದ್ದು ಎನ್ನುವವರಿಗೆ ಉತ್ತರ ಕರ್ನಾಟಕದ ರಾತ್ರಿ ನಾಟಕ ಅರ್ಥವಾಗುವುದಿಲ್ಲ.

ಲಕ್ಷ್ಮೇಶ್ವರದ ಮಾತು ಬೇರೆ. ಪಂಪನ ನಂಟಿನ ಪುಲಿಗೆರೆ ಅದು. ತಿರುಳ್ಗನ್ನಡದ ಸೀಮೆ ಎಂದು ಹೆಸರು. ಅದೇ ಊರಿನಲ್ಲಿ ಆದಿಲಶಾಹಿ ಕಾಲದ ಜುಮ್ಮಾ ಮಸೀದಿ, ದೂದಪೀರಾಂ ದರ್ಗಾ. ಇಲ್ಲಿಯ ಪೇಟೆಯಲ್ಲಿ ಕನ್ನಡದಷ್ಟೇ ಸಲೀಸಾಗಿ 'ಕೈಕು', 'ನಕ್ಕೋ' ಎನ್ನುವ ದಖನಿ ಓಡುತ್ತಿತ್ತು. ಹಿಂದಿ ಸಿನಿಮಾದ ಮಾತು ಇವರಿಗೆ ಪರಭಾಷೆ ಅನ್ನಿಸಿದ್ದೇ ಇಲ್ಲ. ಹುಡುಗ ಅಲ್ಲಿಯ ಬಳಗದವರ ಜೊತೆ 1965ರ 'ಗುಮ್‌ನಾಮ್' ನೋಡಿದ್ದ. ಹೀರೋ ಮನೋಜ್ ಕುಮಾರ್ ಬಂದಾಗ ಸುಮ್ಮನಿದ್ದ ಮಂದಿ, ಹೈದರಾಬಾದಿ ದಖನಿ ಆಡುವ ಮಹಮೂದ್ ಬಾಯಿ ತೆರೆದೊಡನೆ ಎದ್ದು ನಿಂತು ಚಪ್ಪಾಳೆ ಹೊಡೆದರು. ತೆರೆಯ ಮೇಲೆ ತಮ್ಮ ಮಾತು ಕೇಳಿದ ಹಿಗ್ಗು ಅದು. ಮಹಮೂದನಿಗೆ ಸಿಕ್ಕ ಆ ಚಪ್ಪಾಳೆ ಮನೋಜನಿಗೆ ಕೊನೆಯವರೆಗೂ ಸಿಗಲಿಲ್ಲ.

ಮನೆಯಲ್ಲಿ ಕಿವಿಗೆ ಊಟ ಹಾಕುತ್ತಿದ್ದದ್ದು ರೇಡಿಯೋ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದೇ ಶುರುವಾಗಿತ್ತು. ಆದರೆ 1952ರಲ್ಲಿ ವಾರ್ತಾ ಮಂತ್ರಿ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡಿನ ಬಾಯಿ ಕಟ್ಟಿದ್ದರಿಂದ ಜನ ಮುಳ್ಳನ್ನು ರೇಡಿಯೋ ಸಿಲೋನಿನ ಕಡೆ ತಿರುಗಿಸಿದ್ದರು. ಅದೇ ವರ್ಷದ ಡಿಸೆಂಬರ್ 3ರಿಂದ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ'. ಪ್ರತಿ ಬುಧವಾರ ರಾತ್ರಿ ಎಂಟಕ್ಕೆ. ಎಪ್ಪತ್ತರ ದಶಕದಲ್ಲೂ ಬೆಟಗೇರಿಯ ಓಣಿಯಲ್ಲಿ ಆ ಹೊತ್ತಿಗೆ ಲಾಳಿಯ ಸಪ್ಪಳ ತಗ್ಗುತ್ತಿತ್ತು. ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಿದ ರೇಡಿಯೋ ಇದ್ದದ್ದು ಓಣಿಗೆ ಒಂದೋ ಎರಡೋ ಮನೆಯಲ್ಲಿ. ಉಳಿದವರಿಗೆ ಅವರ ಕಟ್ಟೆಯೇ ಬಾಲ್ಕನಿ.

ಹುಡುಗನ ಅವ್ವ ರಾಟಿಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಅವಳಿಗೆ ಗಡಿಯಾರ ಬೇಕಿರಲಿಲ್ಲ. ಒಂದು ಹಾಡಿಗೆ ಒಂದು ಕಂಡಿಕೆ ಎಂಬುದು ಅವಳ ಲೆಕ್ಕ. ಲತಾ ಮಂಗೇಶ್ಕರ್ ಹಾಡಿದರೆ ನೂಲು ಒಂದೇ ಸಮ ಬರುತ್ತದೆ, ಕಿಶೋರ್ ಕುಮಾರನದಾದರೆ ಹರಿಯುತ್ತದೆ ಎಂದು ಅವಳ ದೂರು.

"ಯಾಕವ್ವಾ?" ಎಂದರೆ, "ಅಂವಾ ನಿಂತಲ್ಲೆ ನಿಲ್ಲೂದಿಲ್ಲೋ" ಎನ್ನುತ್ತಿದ್ದಳು. ಕಿಶೋರ್ ಬಗ್ಗೆ ಪುಟಗಟ್ಟಲೆ ಬರೆದ ಪಂಡಿತರೂ ಇದಕ್ಕಿಂತ ಹೆಚ್ಚಿಗೆ ಹೇಳಿಲ್ಲ.

ಆ ಕಿಶೋರ್ ಕುಮಾರ್ 1980ರಲ್ಲಿ ಧಾರವಾಡದ ಅಳಿಯನಾದ. ಲೀನಾ ಚಂದಾವರಕರ್ ಧಾರವಾಡದಲ್ಲಿ ಹುಟ್ಟಿದ ಹುಡುಗಿ. ಸುನೀಲ್ ದತ್ ತಮ್ಮ ತಮ್ಮನಿಗಾಗಿ ತೆಗೆದ 'ಮನ್ ಕಾ ಮೀತ್'ನಲ್ಲಿ ಆಕೆಯೂ ಹೊಸಬಳು, ವಿನೋದ್ ಖನ್ನಾನೂ ಹೊಸಬ. ಮುಂದೆ 'ಹಮ್‌ಜೋಲಿ', 'ಮನ್‌ಚಲಿ', 'ಬಿದಾಯಿ'. 1971ರ 'ಮೆಹಬೂಬ್ ಕಿ ಮೆಹಂದಿ'ಯಲ್ಲಿ ರಾಜೇಶ್ ಖನ್ನಾ ಎದುರು ಆಕೆ ನಿಂತಾಗ ಗದಗಿನ ಕಾಲೇಜು ಹುಡುಗರಿಗೆ ಹೊಟ್ಟೆಕಿಚ್ಚೋ ಹೆಮ್ಮೆಯೋ ತಿಳಿಯದ ಪರಿಸ್ಥಿತಿ. "ನಮ್ಮ ಧಾರವಾಡದಾಕಿ" ಎನ್ನುವಾಗಿನ ಗತ್ತು ನೋಡಿದರೆ ಎಲ್ಲರೂ ಆಕೆಯ ಬೀಗರೇ. ಮೊದಲ ಗಂಡನನ್ನು ಗುಂಡಿನ ಆಕಸ್ಮಿಕದಲ್ಲಿ ಕಳೆದುಕೊಂಡ ಸುದ್ದಿ ಬಂದಾಗ ಅದೇ ಹುಡುಗರು ಚಾದಂಗಡಿಯಲ್ಲಿ ಮಾತಿಲ್ಲದೆ ಕುಳಿತದ್ದೂ ಹೌದು. ಕಿಶೋರ್ 1987ರ ಅಕ್ಟೋಬರ್ 13ರಂದು ತೀರಿಕೊಂಡರು.

ಲೀನಾಗಿಂತ ಒಂದು ತಲೆಮಾರು ಹಿಂದೆ ಈ ಸೀಮೆಯಿಂದ ಹೋದವರು ಮುಖಕ್ಕಿಂತ ಕಂಠದಿಂದ ಗೆದ್ದವರು. ಅದರಗುಂಚಿಯ ಶಾಂತಾ ಹುಬಳೀಕರ್ 1939ರಲ್ಲಿ ವಿ. ಶಾಂತಾರಾಮರ 'ಆದ್ಮಿ'ಯ ನಾಯಕಿ. ಆ ಶಾಂತಾರಾಮರೂ ಹುಡುಗರಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ, ತಗಡಿನ ಸಿನಿಮಾ ಥಿಯೇಟರಿನಲ್ಲಿ ಕೈಗೆಲಸ ಮಾಡಿದವರು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ 1943ರ 'ಕಿಸ್ಮತ್'ಗೆ ಹಾಡಿದರು. ಕಲಕತ್ತೆಯ ರಾಕ್ಸಿಯಲ್ಲಿ ಆ ಪಿಚ್ಚರ್ ಮೂರು ವರ್ಷಕ್ಕಿಂತ ಹೆಚ್ಚು ಓಡಿತು. ಅದರಲ್ಲಿ ಪರದೇಶಿಗಳನ್ನು ಆಚೆಗಟ್ಟುವ ಹಾಡೊಂದಿದೆ. ಮಹಾಯುದ್ಧದ ಕಾಲ; ಹಾಡಿನಲ್ಲಿ ಜರ್ಮನಿ, ಜಪಾನ್ ಹೆಸರಿದ್ದದ್ದರಿಂದ ಬ್ರಿಟಿಷರ ಸೆನ್ಸಾರ್ ಸುಮ್ಮನಾಯಿತು. ಕೇಳಿದವರಿಗೆ ಯಾರನ್ನು ಓಡಿಸಬೇಕೆಂದು ತಿಳಿಯಿತು. ಅಮೀರ್‌ಬಾಯಿಯ ಬದುಕನ್ನು ರಹಮತ್ ತರೀಕೆರೆ ಪುಸ್ತಕವಾಗಿ ಬರೆದಿದ್ದಾರೆ. ಹುಡುಕಿ ಓದಬೇಕಾದ ಪುಸ್ತಕ.

1975ರಲ್ಲಿ ಹುಡುಗನಿಗೆ ಹದಿನೈದು. ಆ ವರ್ಷ ಎರಡು ಪಿಚ್ಚರ್ ಗದಗ-ಬೆಟಗೇರಿಯನ್ನು ಎರಡು ಪಾಲು ಮಾಡಿದವು. ಗಂಡುಹುಡುಗರದು 'ಶೋಲೆ', ಹೆಣ್ಣುಮಕ್ಕಳದು 'ಜೈ ಸಂತೋಷಿ ಮಾ'. 'ಶೋಲೆ'ಯ ರಾಮಗಢ ನಮ್ಮ ರಾಮನಗರದ ಬಂಡೆಗಳಲ್ಲೇ ಎದ್ದ ಊರು ಎಂಬುದು ಹುಡುಗರ ದೊಡ್ಡ ಅಭಿಮಾನ. ಪಿಚ್ಚರ್ ಇನ್ನೂ ಊರಿಗೆ ಬಂದಿರಲಿಲ್ಲ, ಅದರ ಮಾತಿನ ರೆಕಾರ್ಡು ಬಂದುಬಿಟ್ಟಿತ್ತು. ಹಾಡಿನ ರೆಕಾರ್ಡಲ್ಲ, ಸಂಭಾಷಣೆಯ ರೆಕಾರ್ಡು! ಪಾಲಿಡಾರ್ ಕಂಪನಿ ಅದನ್ನು ಬೇರೆಯಾಗಿಯೇ ಹೊರತಂದಿತ್ತು. ಗಣಪತಿ ಪೆಂಡಾಲಿನಲ್ಲಿ ಗಜಾನನನ ಆರತಿ ಮುಗಿಯುತ್ತಲೇ ಗಬ್ಬರ್ ಸಿಂಗನ ಅಬ್ಬರ. ತೆರೆಯ ಮೇಲೆ ಅಮ್ಜದ್ ಖಾನನ ಮುಖ ಕಂಡಾಗ ಬೆಟಗೇರಿಯ ಮಂದಿ ಮಾತು ಕೇಳಲಿಲ್ಲ. ಅವನಿಗಿಂತ ಒಂದು ಮಾತು ಮುಂದೆ ತಾವೇ ಹೇಳುತ್ತ ಹೋದರು.

'ಜೈ ಸಂತೋಷಿ ಮಾ' ನೋಡಲು ಓಣಿಯ ಹೆಂಗಸರು ಶುಕ್ರವಾರ ಹೊರಟರು. ಅವ್ವನ ಸೆರಗಿನಲ್ಲಿ ಬೆಲ್ಲ, ಪುಠಾಣಿ. ಟಾಕೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು, ತೆರೆಯ ಮೇಲೆ ಅನಿತಾ ಗುಹಾ ದೇವಿಯಾಗಿ ಬಂದಾಗ ಕಾಯಿ ಒಡೆದರು, ಚಿಲ್ಲರೆ ಎಸೆದರು. ದೇಶದ ತುಂಬ ಆದದ್ದೇ ಇಲ್ಲೂ ಆಯಿತು. ಮರುವಾರದಿಂದ ದೇವಿಯ ವ್ರತವೆಂದು ಮನೆಯಲ್ಲಿ ಶುಕ್ರವಾರ ಹುಳಿ ಬಂದ್. ಅಪ್ಪ ಸಾರಿನ ಬಟ್ಟಲು ನೋಡಿ ಗೊಣಗಿದ: "ಈ ಪಿಚ್ಚರ್ ಎಲ್ಲೆ ಬಂತಪಾ ನಮ್ಮ ಊರಿಗೆ!" ಸಪ್ಪನೆ ಸಾರು ಹದಿನಾರು ಶುಕ್ರವಾರ ನಡೆಯಿತು.

ನಮ್ಮ ಕನ್ನಡದ ಪಿಚ್ಚರೂ ಹಿಂದಿಯತ್ತ ಹೋಗುತ್ತಿತ್ತು, ಸದಾ ಗೆದ್ದು ಬರಲಿಲ್ಲ ಅಷ್ಟೇ. ತ.ರಾ.ಸು. ಅವರ ಕಥೆಯ 'ನಾಗರಹಾವು' ವಿಷ್ಣುವರ್ಧನರನ್ನು ಮನೆಮಾತಾಗಿಸಿದ ಮೇಲೆ ಪುಟ್ಟಣ್ಣ ಕಣಗಾಲರೇ ಅದನ್ನು 1974ರಲ್ಲಿ 'ಝಹರೀಲಾ ಇನ್ಸಾನ್' ಎಂದು ಹಿಂದಿಗೆ ತೆಗೆದರು. ರಿಷಿ ಕಪೂರ್ ಚೆಲುವ. ರಾಮಾಚಾರಿಯ ಸಿಟ್ಟು ಆ ಮುಖದಲ್ಲಿ ಹೆಡೆ ಎತ್ತಲಿಲ್ಲ. ಪಿಚ್ಚರ್ ಬಿತ್ತು. ರಾಜಕುಮಾರ್ ಮೂರು ಪಾತ್ರ ಮಾಡಿದ 'ಶಂಕರ್ ಗುರು' 1983ರಲ್ಲಿ ಅಮಿತಾಭ್ ಬಚ್ಚನ್ ಅವರ 'ಮಹಾನ್' ಆಯಿತು. ಗದಗಿನಲ್ಲಿ ಎರಡನ್ನೂ ನೋಡಿದವರು ಬೇಕಾದಷ್ಟು. ಅಮಿತಾಭ್ ಮೂರು ವೇಷದಲ್ಲೂ ಅಮಿತಾಭನೇ, ರಾಜಕುಮಾರ್ ಮೂರು ಮಂದಿ ಎಂದು ಚಾದಂಗಡಿಯ ನ್ಯಾಯಾಲಯ ಒಮ್ಮತದಿಂದ ತೀರ್ಪು ಕೊಟ್ಟಿತ್ತು. ಈ ಬರಹದ ಕೈಗೂ ಅದನ್ನು ತಿದ್ದಬೇಕೆನಿಸುವುದಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಮುಂದೆ ಹಾದುಹೋದರೆ ಯಾವ ಹೊತ್ತಿನಲ್ಲೂ ಒಂದು ಹಾರ್ಮೋನಿಯಂ, ಒಂದು ತಬಲಾ ಕೇಳುತ್ತದೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕೊಟ್ಟ ಜಾಗ. ಸಿನಿಮಾವನ್ನು ಪೂರಾ ಕಿವಿಯಿಂದಲೇ 'ನೋಡಿದ' ಮಂದಿ ಅಲ್ಲಿದ್ದರು. ರೇಡಿಯೋದಲ್ಲಿ ಒಂದು ಹಿಂದಿ ಹಾಡು ಬಂದರೆ ಹೀರೋ ಯಾರು ಎಂದು ಅವರು ಕೇಳುತ್ತಿರಲಿಲ್ಲ. ರಾಗ ಯಾವುದು, ಸಾರಂಗಿ ಯಾರದು ಎನ್ನುತ್ತಿದ್ದರು. ಅದೇ ಆಶ್ರಮದ ಗುರುವಿನ ಕಥೆ 1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ'. ಹಂಸಲೇಖ ಅವರಿಗೂ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಅದರಿಂದ ರಾಷ್ಟ್ರಪ್ರಶಸ್ತಿ. ಎಸ್‌ಪಿಬಿಗೆ ಪ್ರಶಸ್ತಿ ತಂದ ಹಾಡು ಕನ್ನಡದ್ದಲ್ಲ, ಮೋಡ ಗುಡುಗುವುದನ್ನು ಹೇಳುವ ಹಿಂದೂಸ್ತಾನಿ ಚೀಜು. ಹಿಂದಿಯಲ್ಲಿ ಅವರಿಗೆ ಹೆಸರು ತಂದದ್ದು 1981ರ 'ಏಕ್ ದೂಜೆ ಕೆ ಲಿಯೇ'. ಶಾಸ್ತ್ರೀಯವಾಗಿ ಕಲಿಯದ ತೆಲುಗು ಗಾಯಕ, ಕನ್ನಡ ಪಿಚ್ಚರ್, ಹಿಂದಿ ಚೀಜು, ಗದಗಿನ ಗುರು. ಈ ಊರಿನ ಸಂಗೀತದ ಲೆಕ್ಕ ಯಾವತ್ತೂ ಹೀಗೆ ಕಲಸುಮೇಲೋಗರವೇ.

ಎಂಬತ್ತರ ದಶಕದಲ್ಲಿ ವಿಸಿಆರ್ ಬಾಡಿಗೆಗೆ ಬಂತು. ಒಂದು ರಾತ್ರಿಗೆ ಮೂರು ಪಿಚ್ಚರ್. ಮೂರನೆಯದು ಮುಗಿಯುವಾಗ ಎಚ್ಚರ ಇರುತ್ತಿದ್ದದ್ದು ಯಂತ್ರವೊಂದೇ. ಆಮೇಲೆ ಟಿವಿ, ಚಿತ್ರಹಾರ್, ಭಾನುವಾರದ ಪಿಚ್ಚರ್, ರಾಮಾಯಣ. ಟೆಂಟುಗಳು ಎದ್ದುಹೋದವು. ಈ ಕಾಲದ ನೆನಪು ಯಾವ ಊರಿನವರಿಗಾದರೂ ಒಂದೇ.

ಆದರೆ 1988ರ ಆಗಸ್ಟ್ 15 ಗದಗಿಗೆ ಬೇರೆ. ಅಂದು ದೂರದರ್ಶನದಲ್ಲಿ 'ಮಿಲೇ ಸುರ್ ಮೇರಾ ತುಮ್ಹಾರಾ' ಮೊದಲ ಬಾರಿ ಬಂತು. ಅಮಿತಾಭ್, ಜಿತೇಂದ್ರ, ಮಿಥುನ್ ಎಲ್ಲರೂ ಅದರಲ್ಲಿದ್ದಾರೆ, ಆದರೆ ಕೊನೆಗೆ ಬರುತ್ತಾರೆ. ಶುರುವಾಗುವುದು ಒಂದು ದಪ್ಪ ದನಿಯಿಂದ. ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ ಅಪ್ಪನಿಗೆ ಆಗ ವಯಸ್ಸಾಗಿತ್ತು, ಕಣ್ಣು ಮಂಜು. ಪರದೆಯ ಕಡೆ ನೋಡಲೇ ಇಲ್ಲ. "ಬಂದ್ರು ನೋಡು ನಮ್ಮಾವ್ರು" ಎಂದ. ಅದಕ್ಕೂ ಕೆಲ ವರ್ಷ ಮೊದಲೇ, ಅಮೋಲ್ ಪಾಲೇಕರ್ ಅವರ 'ಅನ್‌ಕಹೀ' ಚಿತ್ರಕ್ಕೆ ಜೈದೇವ್ ಸಂಗೀತದಲ್ಲಿ ಹಾಡಿದ ಭಜನೆಗಾಗಿ ಭೀಮಸೇನರಿಗೆ 1984ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂದಿತ್ತು. ಪಿಚ್ಚರಿನಲ್ಲಿ ಸೋಲಿಸಿದವರೇ ಇಪ್ಪತ್ತೆಂಟು ವರ್ಷಕ್ಕೆ ಲೆಕ್ಕ ಚುಕ್ತಾ ಮಾಡಿದರು ಎಂದು ಅಪ್ಪನ ವಾದ.

2022ರಲ್ಲಿ ಗದಗಿನ ಮುದ್ರಣಾಲಯದ ಮನೆತನದಿಂದ ಬಂದು ಲಾರಿ ಉದ್ಯಮ ಕಟ್ಟಿದ ವಿಜಯ ಸಂಕೇಶ್ವರರ ಬದುಕು 'ವಿಜಯಾನಂದ್' ಚಿತ್ರವಾಗಿ ಕನ್ನಡದ ಜೊತೆಗೆ ಹಿಂದಿಯಲ್ಲೂ ಬಿಡುಗಡೆಯಾಯಿತು. ಹುಡುಗ ಈಗ ಅರವತ್ತು ದಾಟಿದವನು. ಮೊಬೈಲಿನಲ್ಲಿ ಅದರ ಟ್ರೇಲರ್ ನೋಡಿದ. ಅವನಿಗೆ ನೆನಪಾದದ್ದು ಲಾರಿಯಲ್ಲ, ಗದಗಿನ ಛಾಪಖಾನೆಗಳ ಶಾಯಿಯ ವಾಸನೆ. ಸಿನಿಮಾದ ಕರಪತ್ರಗಳು, ಹಿಂದಿ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ ಹಾಡಿನ ಪುಸ್ತಕಗಳು ಬಿಸಿಬಿಸಿಯಾಗಿ ಟಾಕೀಸಿನ ಮುಂದೆ ಮಾರಾಟಕ್ಕೆ ಬರುತ್ತಿದ್ದವು. ತೆಳ್ಳನೆಯ ಕಾಗದ, ಅಲ್ಪಪ್ರಾಣ ಮಹಾಪ್ರಾಣ ಎರಡೂ ಅದಲುಬದಲು. ಆ ತಪ್ಪುಗಳ ಸಮೇತ ಹಾಡು ಕಲಿತ ಒಂದು ತಲೆಮಾರು ಈಗಲೂ ಅದೇ ತಪ್ಪಿನಿಂದ ಹಾಡುತ್ತದೆ.

ಅಪ್ಪ ತೀರಿಹೋದ ಮೇಲೆ ಅವನ ಟ್ರಂಕು ತೆಗೆದಾಗ ಸೀರೆಯ ಲೆಕ್ಕದ ವಹಿಯ ಕೆಳಗೆ 'ಬಸಂತ್ ಬಹಾರ್'ನ ಹಾಡಿನ ಪುಸ್ತಕ ಸಿಕ್ಕಿತು. ಅಂಥ ಪುಸ್ತಕಗಳಲ್ಲಿ ನಟರ ಹೆಸರು ದೊಡ್ಡದಾಗಿ ಇರುತ್ತಿತ್ತು, ಹಾಡಿದವರ ಹೆಸರಿಗೆ ಜಾಗ ಇರುತ್ತಿರಲಿಲ್ಲ. ಆ ಪೈಪೋಟಿಯ ಹಾಡಿನ ಬದಿಗೆ ಅಪ್ಪ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ: ಜೋಶಿ ಮಾಸ್ತರ ಮಗ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳೆಯ ಮನೆಗಳ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಇಂಥ ಹಾಡಿನ ಪುಸ್ತಕ, ಟೆಂಟಿನ ಕರಪತ್ರ, ಹರಿದ ಟಿಕೆಟ್ಟು ಇನ್ನೂ ಇರಬಹುದು. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಒಮ್ಮೆ ತೋರಿಸಿ. ಕೊಡುವ ಮೊದಲು ಪುಟಗಳ ಬದಿಯನ್ನೂ ನೋಡಿರಿ, ಪೆನ್ಸಿಲಿನಲ್ಲಿ ಯಾರಾದರೂ ಏನಾದರೂ ಬರೆದಿರುತ್ತಾರೆ.